ಸಾಸಿವೆ ಗಿಡಕ್ಕೆ ಬಂದ ಮಾವ

ಕಳೆದ ಸಂಕ್ರಾಂತಿಯ ಹೊತ್ತಿನ ಮಾತು. ಮುಲುಂಡಿನ ನಮ್ಮ ಬಿಡಾರದ ಪಕ್ಕದ ಗ್ಯಾಲರಿಯಲ್ಲಿ ನಿಂತಿದ್ದ ಕಾಕೂ ನಮ್ಮ ಕುಂಡಗಳ ಕಡೆ ನೋಡಿ, "ಅಗಂ ಬಾಈ, ತುಮಚ್ಯಾ ಮೋಹರೀವರ ಮಾವಾ ಪಡಲಾಯ್!" ಎಂದು ಕೂಗಿ ಹೇಳಿದರು. ಊರಿನಿಂದ ಬಂದು ಇನ್ನೂ ತಿಂಗಳು ತುಂಬದ ನಮ್ಮ ಅವ್ವನಿಗೆ ಅದರಲ್ಲಿ ತಿಳಿದದ್ದು ಒಂದೇ ಶಬ್ದ. ಅಕ್ಕಿಯ ಮೊರವನ್ನು ಅಲ್ಲಿಯೇ ಬಿಟ್ಟು, "ಯಾರ ಮಾವ ಬಿದ್ದಾರ? ಭಾಳ ಪೆಟ್ಟಾಗೇತೇನ?" ಎನ್ನುತ್ತ ಹೊರಗೆ ಓಡಿಬಂದಳು. ಒಳಗೆ ಅಭ್ಯಾಸ ಮಾಡುತ್ತಿದ್ದ ಹುಡುಗರಿಗಾದರೋ ಮಾವಾ ಎಂದರೆ ಹಲವಾಯಿಯ ಅಂಗಡಿಯ ಖೋವೆ. ಅವರೂ ಬಂದರು. ಬಿದ್ದ ಮಾವನೂ ಇಲ್ಲ, ತಿನ್ನುವ ಮಾವೆಯೂ ಇಲ್ಲ. ಕಾಕೂ ಬೆರಳು ಮಾಡಿ ತೋರಿಸಿದ ಕಡೆ ನೋಡಿದರೆ, ಹೂ ಬಿಡಲು ಸಿದ್ಧವಾಗಿದ್ದ ಸಾಸಿವೆ ಗಿಡದ ತುದಿಯಲ್ಲಿ ಎಳ್ಳಿಗಿಂತ ಚಿಕ್ಕವಾದ, ಮಾಸಲು ಹಸುರು ಬಣ್ಣದ ಕೆಲವು ಹುಳುಗಳು ಗುಂಪಾಗಿ ಕುಳಿತಿದ್ದವು. ನಮ್ಮ ಕಡೆ 'ಹೇನು ಬಿದ್ದಿದೆ' ಎನ್ನುತ್ತೇವಲ್ಲ, ಆ ಗಿಡಹೇನಿಗೆ ಮರಾಠಿಯಲ್ಲಿ ಮಾವಾ ಎಂದು ಹೆಸರು. ಅವ್ವ ಸೆರಗಿನಿಂದ ಹಣೆ ಒರಸಿಕೊಂಡು, "ಇದನ್ನ ಮೊದಲs ಹೇಳಬಾರದೇನು?" ಎಂದು ನಕ್ಕಳು.

ಗಿಡಗಳ ಕಥೆ ದೊಡ್ಡದೇನಲ್ಲ. ದೀಪಾವಳಿಯ ನಂತರ ಒಗ್ಗರಣೆ ಡಬ್ಬಿಯನ್ನು ತೊಳೆಯುವಾಗ ತಳದಲ್ಲಿ ಉಳಿದಿದ್ದ ಒಂದು ಚಿಟಿಕೆ ಸಾಸಿವೆಯನ್ನು ಹುಡುಗರು ಎರಡು ಕುಂಡಗಳಲ್ಲಿ ಚೆಲ್ಲಿದ್ದರು. ಮೂರು ನಾಲ್ಕು ದಿನಗಳಲ್ಲಿ ಮೊಳೆತು ಬಂತು. ಎಳೆಯ ಸೊಪ್ಪನ್ನು ಒಂದೆರಡು ಸಲ ಪಲ್ಯಕ್ಕೆ ಕಿತ್ತ ಮೇಲೆ ಆರು ಗಿಡಗಳನ್ನು ಬೀಜಕ್ಕೆಂದು ಉಳಿಸಿದೆವು. ನಮ್ಮ ಮನೆಯವರು ಕಟ್ಟಡದ ಮಾಳಿಯಿಂದ ಒಂದು ಹಿಡಿ ಯೂರಿಯಾ ತರಿಸಿ ಹಾಕಿದರು. ಗಿಡಗಳು ಕೊಬ್ಬಿ ಕಪ್ಪು ಹಸುರಾದವು. ಅದನ್ನು ನೋಡಿ ನಾವೆಲ್ಲರೂ ಹಿಗ್ಗಿದ್ದೂ ಹಿಗ್ಗಿದ್ದೇ. ಆ ಹಿಗ್ಗು ತಪ್ಪೆಂದು ಮುಂದೆ ತಿಳಿಯಿತು.

ನಮ್ಮ ಮಟ್ಟಿಗೆ ಇದು ಎರಡು ಕುಂಡಗಳ ಮಾತು. ಆದರೆ ಇದೇ ಹುಳು ಉತ್ತರ ಹಿಂದುಸ್ಥಾನದ ರೈತನ ನಿದ್ದೆ ಕೆಡಿಸುವಂಥದು. ಮುಂಬಯಿ ಸೆಂಟ್ರಲಿನಿಂದ ದಿಲ್ಲಿಯ ಗಾಡಿ ಹತ್ತಿ ಜನವರಿಯಲ್ಲಿ ಪ್ರವಾಸ ಮಾಡಿದವರು ಬಲ್ಲರು, ಕೋಟಾ ದಾಟಿದ ಮೇಲೆ ಸವಾಯಿ ಮಾಧೋಪುರ, ಭರತಪುರದ ಸುತ್ತಮುತ್ತ ಕಣ್ಣು ಹಾಯುವವರೆಗೆ ಹಳದಿ ಹೂವು. ದೇಶದಲ್ಲಿ ಎಲ್ಲಕ್ಕೂ ಹೆಚ್ಚು ಸಾಸಿವೆ ಬೆಳೆಯುವ ರಾಜ್ಯ ರಾಜಸ್ಥಾನ. ಕೇಂದ್ರ ಸರಕಾರದ ಸಾಸಿವೆ ಸಂಶೋಧನ ಸಂಸ್ಥೆಯೂ ಭರತಪುರದಲ್ಲಿಯೇ ಇದೆ. ಆ ಹಳದಿ ಸಮುದ್ರದಲ್ಲಿ ಡಿಸೆಂಬರದಿಂದ ಮಾರ್ಚಿಯವರೆಗೆ ಈ ಹೇನು ಬಂದು ಕುಳಿತಿತೆಂದರೆ, ಕೆಲವು ವರ್ಷ ಅಲ್ಪ ಸ್ವಲ್ಪದರಲ್ಲಿ ಹೋಗುತ್ತದೆ, ಕೆಲವು ವರ್ಷ ಬೆಳೆಯ ಬಹುಭಾಗವನ್ನೇ ಹೀರಿಬಿಡುತ್ತದೆ. ವಿಜ್ಞಾನಿಗಳು ಇದಕ್ಕೆ ಲಿಪಾಫಿಸ್ ಎರಿಸಿಮಿ ಎನ್ನುವರು. ನಾವು ಸಾಸಿವೆ ಹೇನು ಎಂದು ಕರೆದರೆ ಸಾಕು.

ನಮಗೆ ಮೊದಲು ಸೋಜಿಗವೆನಿಸಿದ್ದು ಅದರ ಸಂಖ್ಯೆಯಲ್ಲ, ಅದು ಆರಿಸಿಕೊಂಡ ಸ್ಥಾನ. ಗಿಡಕ್ಕೆ ಹತ್ತು ಹನ್ನೆರಡು ಅಗಲವಾದ ಎಲೆಗಳಿದ್ದವು, ದಪ್ಪನೆಯ ಕಾಂಡವಿತ್ತು. ಅವೆಲ್ಲ ಸ್ವಚ್ಛ. ನಡುಗಾಂಡದ ಮೇಲ್ತುದಿಯಲ್ಲಿ, ಮೊಗ್ಗುಗಳು ಒತ್ತಾಗಿರುವ ನಾಲ್ಕು ಬೆರಳು ಜಾಗದಲ್ಲಿ ಮಾತ್ರ ಒಂಬತ್ತು ಹೇನುಗಳು. ಮುಂದಿನ ರವಿವಾರ ಕನ್ನಡಕ ಏರಿಸಿ ಎಣಿಸಿದರೆ ಅದೇ ತುದಿಯಲ್ಲಿ ಅರವತ್ತಕ್ಕೆ ಮೇಲ್ಪಟ್ಟು. ಅದರಾಚೆಯ ರವಿವಾರ ಎಣಿಸುವ ಉಮೇದು ಬಿಟ್ಟೆವು. ತುದಿ ಕಾಣುತ್ತಲೇ ಇರಲಿಲ್ಲ, ಹೇನೇ ಕಾಣುತ್ತಿತ್ತು. ಬೇಸಾಯದ ವಿಜ್ಞಾನಿಗಳು ಕೂಡ ಹೊಲದಲ್ಲಿ ಇಡೀ ಗಿಡವನ್ನು ಎಣಿಸುವುದಿಲ್ಲವಂತೆ. ನಡುಗಾಂಡದ ತುದಿಯ ಹತ್ತು ಸೆಂಟಿಮೀಟರು ಅಳೆದು, ಅಷ್ಟರಲ್ಲಿ ಎಷ್ಟು ಹೇನಿವೆ ಎಂದು ನೋಡಿ, ಔಷಧ ಹೊಡೆಯಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ. ಹುಳು ಎಲ್ಲಿ ಕೂಡುತ್ತದೆಯೋ ಅಲ್ಲಿ ಎಣಿಸುವುದು ಜಾಣತನವಲ್ಲವೇ?

ಒಂಬತ್ತು ಒಂದೇ ವಾರಕ್ಕೆ ಅರವತ್ತಾಗುವುದು ಹೇಗೆ? ಕಾರಣವಿಷ್ಟೆ: ಈ ಜಾತಿಯಲ್ಲಿ ಗಂಡಿನ ಗೊಡವೆಯೇ ಕಡಿಮೆ. ನಮ್ಮಂಥ ಬೆಚ್ಚನೆಯ ದೇಶದಲ್ಲಿ ಕಾಣಸಿಗುವುದು ಬಹುಮಟ್ಟಿಗೆ ಹೆಣ್ಣೇ. ಆ ಹೆಣ್ಣು ಮದುವೆಯಿಲ್ಲದೆ, ತತ್ತಿಯಿಡದೆ, ನೇರವಾಗಿ ಮರಿಗಳನ್ನೇ ಹೆರುತ್ತದೆ. ಹುಟ್ಟಿದವೂ ಹೆಣ್ಣೇ. ಅವು ವಾರ ಹತ್ತು ದಿನಗಳಲ್ಲಿ ಬೆಳೆದು ತಾವೂ ಹೆರತೊಡಗುತ್ತವೆ.

ಇದನ್ನು ಮೊದಲು ನಿಸ್ಸಂದೇಹವಾಗಿ ತೋರಿಸಿಕೊಟ್ಟವನು ಜಿನೀವಾ ನಗರದ ಚಾರ್ಲ್ಸ್ ಬಾನೆ ಎಂಬ ಇಪ್ಪತ್ತರ ಹರೆಯದ ತರುಣ. ೧೭೪೦ರ ಮೇ ತಿಂಗಳಿನಲ್ಲಿ ಆಗಷ್ಟೇ ಹುಟ್ಟಿದ ಒಂದು ಹೇನನ್ನು ಒಂದು ರೆಂಬೆಯ ಮೇಲೆ ಇರಿಸಿ, ಬೇರಾವ ಹೇನೂ ಹತ್ತಿರ ಸುಳಿಯದಂತೆ ಗಾಜಿನ ಪಾತ್ರೆ ಕವುಚಿ, ಬೆಳಗಿನಿಂದ ರಾತ್ರಿಯವರೆಗೆ ಭೂತಗನ್ನಡಿ ಹಿಡಿದು ಕಾವಲು ಕುಳಿತ. ಒಂಟಿಯಾಗಿಯೇ ಬೆಳೆದ ಆ ಕನ್ಯೆ ಜೂನ್ ತಿಂಗಳಿನಲ್ಲಿ ೨೧ ದಿನಗಳೊಳಗೆ ೯೫ ಮರಿ ಹೆತ್ತಿತು. ಹುಡುಗ ಪ್ರತಿಯೊಂದು ಹೆರಿಗೆಯನ್ನೂ ದಿನ, ವೇಳೆ ಹಾಕಿ ಬರೆದಿಟ್ಟ. ನಮ್ಮ ಹಳ್ಳಿಯ ಸೂಲಗಿತ್ತಿಯರಿಗೂ ಇಷ್ಟು ಸಹನೆ ಇದ್ದಿತೋ ಇಲ್ಲವೋ! ಅವನಿಗೆ ಪ್ರೋತ್ಸಾಹ ಕೊಟ್ಟ ಫ್ರಾನ್ಸಿನ ಪಂಡಿತ ರಿಯೋಮೂರ್ ಒಂದು ಲೆಕ್ಕ ಹಾಕಿದ. ಒಂದೊಂದು ಹೇನಿಗೆ ತೊಂಬತ್ತು ಮರಿಯೆಂದು ಹಿಡಿದರೆ ಐದನೆಯ ತಲೆಮಾರಿಗೆ ಒಂದೇ ತಾಯಿಯ ಸಂತಾನ ೫೯೦ ಕೋಟಿ ೪೯ ಲಕ್ಷವಾಗುತ್ತದೆ. ಬೇಕಾದರೆ ೯೦ನ್ನು ಐದು ಸಲ ಗುಣಿಸಿ ನೋಡಿರಿ.

ಇನ್ನೂ ಒಂದು ಚಮತ್ಕಾರವುಂಟು. ಅಜ್ಜಿ ಹೇನಿನ ಹೊಟ್ಟೆಯಲ್ಲಿ ಮಗಳಿರುವಾಗಲೇ ಆ ಮಗಳ ಹೊಟ್ಟೆಯಲ್ಲಿ ಮೊಮ್ಮಗಳು ರೂಪುಗೊಳ್ಳತೊಡಗಿರುತ್ತಾಳೆ. ಆದುದರಿಂದಲೇ ಎರಡು ತಲೆಮಾರುಗಳ ನಡುವೆ ಕಾಲವೇ ಇಲ್ಲದಂತಾಗುತ್ತದೆ. ಹವೆ ಹಿತವಾಗಿದ್ದು ಆಹಾರ ಚೆನ್ನಾಗಿದ್ದರೆ ಎರಡು ಮೂರು ದಿನಗಳಿಗೊಮ್ಮೆ ಸಂಖ್ಯೆ ಇಮ್ಮಡಿಸುವುದುಂಟು. ಬ್ಯಾಂಕುಗಳನ್ನು ಕಟ್ಟಿ ಬೆಳೆಸಿದ ಜಿಲ್ಲೆಯಿಂದ ಬಂದ ನಮ್ಮ ವಾಚಕರಿಗೆ ಚಕ್ರಬಡ್ಡಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂರು ದಿನಕ್ಕೆ ಇಮ್ಮಡಿ ಎಂದೇ ಹಿಡಿಯಿರಿ. ಇಂದು ಹತ್ತು ಇದ್ದದ್ದು ಮೂರು ವಾರ ಕಳೆಯುವುದರೊಳಗೆ ೧,೨೮೦. ಮೊದಲ ವಾರ ನೋಡಿ 'ನಾಲ್ಕು ಹುಳು, ಏನು ಮಹಾ' ಎಂದು ಸುಮ್ಮನಾಗುವವನು ಮೂರನೆಯ ವಾರ ತಲೆಗೆ ಕೈ ಹೊತ್ತು ಕೂಡುವುದು ಇದೇ ಕಾರಣದಿಂದ.

ಹಾಗಾದರೆ ಲೋಕವೆಲ್ಲ ಹೇನುಮಯವಾಗಿಲ್ಲವೇಕೆ? ಬಿಸಿಲೇರಿದರೆ ಇವಕ್ಕೆ ಸೊಗಸದು. ಸಾಸಿವೆ ಹೇನಿಗೆ ಇಪ್ಪತ್ತು ಡಿಗ್ರಿಯ ಆಸುಪಾಸಿನ ತಂಪು, ಮೋಡದ ಹವೆ ಇಷ್ಟ. ಮೂವತ್ತು ದಾಟಿದರೆ ವಂಶ ಕುಗ್ಗುತ್ತದೆ. ನಮ್ಮ ಮುಂಬಯಿಯಲ್ಲಿ ಸ್ವೆಟರು ಪೆಟ್ಟಿಗೆಯಿಂದ ಹೊರಗೆ ಬರುವ ಆ ನಾಲ್ಕು ವಾರಗಳೇ ಅದಕ್ಕೂ ಸುಗ್ಗಿ. ಇನ್ನು ಗುಂಪು ದಟ್ಟವಾಗಿ ಒಂದರ ಮೈಗೊಂದು ತಾಗತೊಡಗಿದರೆ, ರಸವೂ ಬತ್ತಿದರೆ, ಮುಂದೆ ಹುಟ್ಟುವ ಮರಿಗಳಿಗೆ ರೆಕ್ಕೆ ಮೂಡುತ್ತದೆ. ಜಾಗ ಸಾಲದೆ ಚಾಳು ಬಿಟ್ಟು ಉಪನಗರಕ್ಕೆ ಹೊರಟ ಸಂಸಾರಗಳಂತೆ ಅವು ಗಾಳಿ ಹಿಡಿದು ಬೇರೆ ಗಿಡ ಹುಡುಕಿಕೊಂಡು ಹೋಗುತ್ತವೆ. ಮೂರನೆಯ ಮಾಳಿಗೆಯ ನಮ್ಮ ಗ್ಯಾಲರಿಗೆ ಇವು ಬಂದದ್ದೂ ಹಾಗೆಯೇ. ಹಳದಿ ಬಣ್ಣ ಕಂಡರೆ ಇವಕ್ಕೆ ಮೋಹ. ಹಳದಿ ಹಲಗೆಗೆ ಅಂಟು ಬಳಿದು ಹೊಲದಲ್ಲಿ ನಿಲ್ಲಿಸುವ ರೂಢಿ ಅದಕ್ಕಾಗಿಯೇ ಇರುವುದು.

ಇನ್ನು ತುದಿಯ ವಿಚಾರಕ್ಕೆ ಬರೋಣ. ಹೇನಿಗೆ ಹಲ್ಲಿಲ್ಲ. ಕೂದಲಿಗಿಂತ ತೆಳುವಾದ ಸೂಜಿಯಂಥ ಬಾಯಿಯನ್ನು ಗಿಡದ ರಸನಾಳದೊಳಗೆ ಇಳಿಸುತ್ತದೆ. ಎಲೆಗಳಲ್ಲಿ ತಯಾರಾದ ಸಕ್ಕರೆ ಈ ನಾಳಗಳಲ್ಲಿ ಒತ್ತಡದಿಂದ ಹರಿಯುತ್ತಿರುವುದರಿಂದ ರಸ ಬಹುಮಟ್ಟಿಗೆ ತಾನಾಗಿಯೇ ಅದರ ಬಾಯಿಗೆ ನುಗ್ಗುತ್ತದೆ. ಆದರೆ ಈ ರಸದಲ್ಲಿ ಸಕ್ಕರೆ ಬೇಕಾದಷ್ಟು, ಮೈ ಬೆಳೆಸುವ ಸಾರಜನಕದ ಅಂಶ ಅತ್ಯಲ್ಪ. ಬರಿಯ ಬೆಲ್ಲದ ಪಾನಕ ಕುಡಿದು ಮಗು ಬೆಳೆದೀತೇ? ಹೇನಿನ ಮೈಯೊಳಗೆ ನೆಲೆಸಿರುವ ಒಂದು ಬಗೆಯ ಸೂಕ್ಷ್ಮಾಣುಗಳು ಕೊರತೆಯನ್ನು ಕೆಲಮಟ್ಟಿಗೆ ತುಂಬಿಕೊಡುತ್ತವೆ. ಉಳಿದುದನ್ನು ಅದು ಹುಡುಕಿ ಪಡೆಯಬೇಕು. ಗಿಡವು ತನ್ನ ಒಳ್ಳೆಯ ಸರಕನ್ನು ಕಳಿಸುವುದು ಬೆಳೆಯುವ ತುದಿಗೆ, ಮೊಗ್ಗಿಗೆ, ಎಳೆಗಾಯಿಗೆ. ತಾಯಿ ತಾನು ಒಣ ರೊಟ್ಟಿ ತಿಂದು ಕೆನೆಯನ್ನು ಕೂಸಿಗಿಟ್ಟಂತೆ. ಸಾಸಿವೆ ಹೇನು ನೇರವಾಗಿ ಆ ಕೆನೆಯ ಗಡಿಗೆಗೇ ಬಾಯಿ ಹಚ್ಚುತ್ತದೆ. ನಮಗೆ ಬೇಕಾದ ಕಾಳು ಕಟ್ಟುವುದೂ ಅಲ್ಲಿಯೇ ಆದುದರಿಂದ ನಷ್ಟ ಇಷ್ಟು ದೊಡ್ಡದಾಗುತ್ತದೆ. ಅದೇ ಹೇನು ಕೆಳಗಿನ ಮುದಿ ಎಲೆಯಲ್ಲಿ ಕುಳಿತಿದ್ದರೆ ಗಿಡಕ್ಕೆ ಅಷ್ಟು ಕೇಡಾಗುತ್ತಿರಲಿಲ್ಲ. ಯೂರಿಯಾ ಹಾಕಿ ನಾವು ಮಾಡಿದ ತಪ್ಪೂ ಈಗ ನಿಮಗೆ ಹೊಳೆದಿರಬೇಕು. ಗಿಡದ ರಸದಲ್ಲಿ ಸಾರಜನಕ ಹೆಚ್ಚಿದಷ್ಟೂ ಹೇನಿನ ಪಂಕ್ತಿಗೆ ಭಕ್ಷ್ಯ ಬಡಿಸಿದಂತೆಯೇ ಸರಿ.

ಹೀರಿದ ಸಕ್ಕರೆಯಲ್ಲಿ ಹೆಚ್ಚಾದುದನ್ನು ಅದು ಹಿಂದಿನಿಂದ ಹನಿ ಹನಿಯಾಗಿ ಬಿಡುತ್ತದೆ. ಕುಂಡದ ಕೆಳಗಿನ ಫರಸಿ ಅಂಟಂಟಾಗಿದ್ದುದು ಅದರಿಂದ. ನಮ್ಮ ಮನೆಯವರು ಎರಡು ದಿನ ಹುಡುಗರನ್ನು ಶರಬತ್ತು ಚೆಲ್ಲಿದಿರೆಂದು ಬೈದಿದ್ದರು. ಪಾಪ, ಅವರದೇನೂ ತಪ್ಪಿರಲಿಲ್ಲ. ಈ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆದು ಎಲೆಗೆ ಬಿಸಿಲು ತಾಗದಂತೆ ಮಾಡುತ್ತದೆ.

ಎಲ್ಲ ಹೇನುಗಳಿಗೂ ತುದಿಯೇ ಬೇಕೆಂದು ತಿಳಿಯಬೇಡಿರಿ. ಈಚೆಗೆ ಉಪನಗರದ ದೊಡ್ಡ ಅಂಗಡಿಗಳಲ್ಲಿ ಕನೋಲಾ ಎಂಬ ಎಣ್ಣೆಯ ಬಾಟಲಿಗಳನ್ನು ವಾಚಕರು ನೋಡಿರಬಹುದು. ಅದು ಸಾಸಿವೆಯ ದಾಯಾದಿ. ಕೆನಡಾ ದೇಶದ ಡೌನಿ, ಸ್ಟೆಫಾನ್ಸನ್ ಎಂಬ ತಳಿ ತಜ್ಞರು, ಎಣ್ಣೆಯಲ್ಲಿಯ ಎರೂಸಿಕ್ ಆಮ್ಲವನ್ನೂ ಹಿಂಡಿಯಲ್ಲಿಯ ಘಾಟನ್ನೂ ಇಳಿಸಿ ಸಿದ್ಧಪಡಿಸಿದ ಬೆಳೆ. ೧೯೭೮ರಲ್ಲಿ ಕೆನಡಾದ ಹೆಸರನ್ನೇ ಸೇರಿಸಿ ಅದಕ್ಕೆ ಕನೋಲಾ ಎಂದು ನಾಮಕರಣ ಮಾಡಿದರು. ಈಗ ಆಸ್ಟ್ರೇಲಿಯದಲ್ಲಿಯೂ ಅದು ದೊಡ್ಡ ಬೆಳೆ. ಅಲ್ಲಿಯ ಹೊಲಗಳಿಗೆ ಮೂರು ಬಗೆಯ ಹೇನು ಬರುತ್ತವೆ. ಒಂದು ನಮ್ಮ ಸಾಸಿವೆ ಹೇನಿನದೇ ಕುಲದ್ದು. ಇನ್ನೊಂದು ಮೈಗೆಲ್ಲ ವಿಭೂತಿ ಬಳಿದುಕೊಂಡಂತಿರುವ ಕೋಸಿನ ಹೇನು. ಇವೆರಡೂ ಹೂಗೊಂಚಲು ಮತ್ತು ಎಳೆಗಾಯಿಗಳನ್ನು ಹಿಡಿದು ಕೂಡುತ್ತವೆ. ದಾದರಿನ ಮಾರ್ಕೆಟಿನಿಂದ ತಂದ ಹೂಕೋಸನ್ನು ಬಿಡಿಸುವಾಗ ಮಡಿಕೆಗಳೊಳಗೆ ಬೂದಿಬಣ್ಣದ ಹುಳು ಕಂಡು ಹೇಸಿ, ಉಪ್ಪು ಅರಿಸಿನದ ನೀರಿನಲ್ಲಿ ಮುಳುಗಿಸಿಡುತ್ತೀರಲ್ಲ, ಅದರಲ್ಲಿ ಈ ವಿಭೂತಿಯವನೂ ಇರುವುದುಂಟು.

ಮೂರನೆಯದು ಹಸುರು ಹೇನು. ಇದರ ರೀತಿಯೇ ಬೇರೆ. ಇದು ತುದಿಗೆ ಹೋಗದೆ ಕೆಳಗಿನ ಹಳೆಯ ಎಲೆಗಳ ಅಡಿಯಲ್ಲಿ ಚದುರಿಕೊಂಡಿರುತ್ತದೆ. ಎಲೆ ಮುದಿಯಾದಾಗ ತನ್ನೊಳಗಿನ ಸಾರವನ್ನು ಒಡೆದು ಬೇರೆಡೆಗೆ ಸಾಗಿಸತೊಡಗುತ್ತದೆ. ಆ ಸಾಗಾಟದ ದಾರಿಯಲ್ಲಿ ಕುಳಿತು ಸುಂಕ ವಸೂಲು ಮಾಡುವವನು ಇವನು. ಇವನು ಹೀರುವುದು ಹೆಚ್ಚಲ್ಲ, ಆದರೆ ಒಂದು ಗಿಡದ ರೋಗವನ್ನು ಇನ್ನೊಂದಕ್ಕೆ ದಾಟಿಸುತ್ತಾನೆ. ೨೦೧೪ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಕನೋಲಾ ಹೊಲಗಳಲ್ಲಿ ಹಬ್ಬಿದ ನಂಜುರೋಗಕ್ಕೆ ಮುಖ್ಯ ವಾಹಕ ಈ ಎಲೆಯಡಿಯ ಹುಳುವೇ. ತುದಿಯೊಂದನ್ನೇ ನೋಡಿ 'ಹೊಲ ಚೊಕ್ಕಟವಾಗಿದೆ' ಎಂದು ಮನೆಗೆ ಮರಳುವವನಿಗೆ ಇವನು ಕಾಣುವುದೇ ಇಲ್ಲ. ಹೇನು ಬಂತೆಂದರೆ ಯಾವ ಹೇನು, ಎಲ್ಲಿ ಕುಳಿತಿದೆ ಎಂದು ಮೊದಲು ಕೇಳಬೇಕಾದದ್ದು ಇದಕ್ಕೇ.

ನಮ್ಮ ಒಗ್ಗರಣೆಗೂ ಇದಕ್ಕೂ ಒಂದು ನಂಟುಂಟು. ಇಡೀ ಕಾಳು ಎಣ್ಣೆಯಲ್ಲಿ ಸಿಡಿದರೆ ಘಾಟಿಲ್ಲ. ಅದನ್ನೇ ಹಸಿಯಾಗಿ ನೀರು ಹಾಕಿ ಅರೆದರೆ, ನಮ್ಮ ಕರಾವಳಿಯವರು ಮಾವಿನ ಹಣ್ಣಿನ ಸಾಸಿವೆಗೆ ಅರೆಯುವಂತೆ, ಮೂಗಿಗೇರುತ್ತದೆ. ಕಾಳಿನಲ್ಲಿ ಬೇರೆ ಬೇರೆಯಾಗಿದ್ದ ಎರಡು ವಸ್ತುಗಳು ಅರೆದಾಗ ಕೂಡಿಕೊಂಡು ಆ ಘಾಟು ಹುಟ್ಟುತ್ತದೆ. ಗಿಡ ಇದನ್ನು ಇಟ್ಟುಕೊಂಡದ್ದು ನಮ್ಮ ಸಾಸಿವೆಗೊಜ್ಜಿಗಾಗಿ ಅಲ್ಲ, ಹುಳುಗಳನ್ನು ಓಡಿಸಲಿಕ್ಕೆ. ಆದರೆ ಈ ಜಾತಿಯ ಹೇನುಗಳಿಗೆ ಅದೇ ಘಾಟು ಊಟದ ಕರೆಗಂಟೆಯಾಗಿದೆ. ಕೋಸಿನ ಹೇನಂತೂ ಆ ವಸ್ತುವನ್ನು ತನ್ನ ಮೈಯಲ್ಲಿ ಕೂಡಿಟ್ಟುಕೊಂಡು, ಅದನ್ನು ಒಡೆಯುವ ಇನ್ನೊಂದು ವಸ್ತುವನ್ನು ತಾನೇ ಬೇರೆ ತಯಾರಿಸಿಟ್ಟುಕೊಂಡಿರುತ್ತದೆ. ಶತ್ರು ಕಚ್ಚಿದೊಡನೆ ಅದರ ಬಾಯಿಯಲ್ಲಿ ಸಾಸಿವೆ ಅರೆದಂತಾಗುತ್ತದೆ. ಇಷ್ಟಕ್ಕೂ ಬಗ್ಗದವನು ಒಬ್ಬನಿದ್ದಾನೆ. ಹೇನಿನೊಳಗೆ ತತ್ತಿಯಿಡುವ ಒಂದು ಪುಟ್ಟ ಕಣಜ. ಅದೂ ಆ ಘಾಟನ್ನೇ ಹಿಡಿದು ಹೇನಿರುವ ಗಿಡವನ್ನು ಹುಡುಕುತ್ತ ಬರುತ್ತದೆ!

ಊರಿನ ಕಡೆಗೆ ಒಮ್ಮೆ ಹೋಗಿ ಬರೋಣ. ಅಲಸಂದೆಯ ಬಳ್ಳಿಗೆ ಬೀಳುವ ಕಪ್ಪು ಹೇನನ್ನು ದಕ್ಷಿಣ ಕನ್ನಡದವರಿಂದ ಹಿಡಿದು ಮೈಸೂರಿನವರವರೆಗೆ ಕಾಣದವರಿಲ್ಲ. ಅದಕ್ಕೂ ಬೇಕಾದದ್ದು ಚಿಗುರು, ಹೂವಿನ ತೊಟ್ಟು, ಎಳೆಗಾಯಿ. ಜೊತೆಗೆ ಇರುವೆಗಳ ಪಹರೆ ಬೇರೆ. ಸಿಹಿ ಹನಿಯ ಆಸೆಗೆ ಇರುವೆಗಳು ಅದನ್ನು ಹಸುವಿನಂತೆ ಕಾಯುತ್ತವೆ. ಬೆಳಗಿನ ಮಂಜು ಆರುವ ಮೊದಲು ಒಲೆಯ ಬೂದಿ ಎರಚುವುದು ನಮ್ಮ ಹಿರಿಯರ ಉಪಾಯವಾಗಿತ್ತು. ಗ್ಯಾಸಿನ ಒಲೆಯ ಈ ಊರಿನಲ್ಲಿ ಬೂದಿಗೆ ಎಲ್ಲಿಗೆ ಹೋಗುವುದು? ವಿಜಯಪುರ, ಕಲಬುರ್ಗಿಯ ಕಡೆಯವರಿಗೆ ಕುಸುಬೆಯ ಕರಿ ಹೇನು ಗೊತ್ತಿರಬೇಕು. ಹಿಂಗಾರಿ ಬಿತ್ತನೆ ತಡವಾದಷ್ಟೂ ಅದರ ಕಾಟ ಹೆಚ್ಚು. ಸಾಸಿವೆಯದೂ ಅದೇ ಕಥೆ. ಅಕ್ಟೋಬರದಲ್ಲಿ ಬಿತ್ತಿದ ಸಾಸಿವೆ, ಹೇನಿನ ದಂಡು ಬರುವ ಹೊತ್ತಿಗೆ ತುದಿ ಬಲಿತು ಕಾಯಿ ಗಟ್ಟಿಯಾಗಿರುತ್ತದೆ. ತಡವಾದದ್ದು ಮಾತ್ರ ಎಳೆಯ ತುದಿಯೊಡ್ಡಿ ಸಿಕ್ಕಿಬೀಳುತ್ತದೆ. ದೀಪಾವಳಿ ಕಳೆದ ಮೇಲೆ ಬಿತ್ತಿದ ನಮ್ಮ ಹುಡುಗರಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ.

ಆದರೆ ನಮ್ಮ ಎರಡೂ ನಾಡುಗಳ ರೈತರನ್ನು ಒಂದೇ ಸಲಕ್ಕೆ ಅಂಜಿಸಿದ್ದು ಕಬ್ಬಿನ ಉಣ್ಣೆಹೇನು. ೨೦೦೨ರ ಜುಲೈದಲ್ಲಿ ಸಾಂಗಲಿ ಜಿಲ್ಲೆಯಲ್ಲಿ ಅದು ಕಂಡುಬಂದಿತು. ಮರಾಠಿಯಲ್ಲಿ ಲೋಕರೀ ಮಾವಾ, ಎಂದರೆ ಉಣ್ಣೆಯ ಮಾವ ಎಂದರು. ಅದೇ ಹಂಗಾಮಿನಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಕಬ್ಬಿಗೂ ಹಬ್ಬಿತು. ಇದರ ಆಸನ ತುದಿಯಲ್ಲ, ಎಲೆಯ ಕೆಳಮೈ. ನಡುನರದ ಎರಡೂ ಬದಿಗೆ ಹತ್ತಿ ಅಂಟಿಸಿದಂತೆ ಬಿಳಿಯ ಸಾಲು. ಮೇಲಿನೆಲೆಯಿಂದ ಸುರಿದ ಸಿಹಿ ಅಂಟು ಕೆಳಗಿನೆಲೆಯ ಮೇಲೆ ಬಿದ್ದು ಇಡೀ ಗದ್ದೆ ಮಸಿ ಬಳಿದಂತೆ ಕಪ್ಪಾಗುತ್ತಿತ್ತು. ಬಿಳಿಯ ಹೇನು, ಕರಿಯ ಕಬ್ಬು. ಔಷಧ ಹೊಡೆಯೋಣವೆಂದರೆ ಆಳೆತ್ತರ ಮೀರಿದ ಕಬ್ಬಿನೊಳಗೆ ಹೊಕ್ಕು ಎಲೆಯ ಅಡಿಗೆ ಔಷಧ ಮುಟ್ಟಿಸುವುದು ಸುಲಭದ ಮಾತೇ? ಹುಳು ಆರಿಸಿಕೊಂಡ ಜಾಗವೇ ಅದರ ಕೋಟೆಯಾಯಿತು.

ಆ ಕೋಟೆಯನ್ನು ಒಡೆದದ್ದು ಪಂಪಲ್ಲ. ಡೈಫಾ ಎಂಬ ಒಂದು ಪತಂಗದ ಹುಳು ಹೇನಿನ ಗುಂಪಿನೊಳಗೆ ಬಲೆ ನೇಯ್ದುಕೊಂಡು, ಅಲ್ಲಿಯೇ ಬಿಡಾರ ಹೂಡಿ ಹೇನುಗಳನ್ನು ತಿನ್ನತೊಡಗಿತು. ಮೈಕ್ರೋಮಸ್ ಎಂಬ ಬಲೆರೆಕ್ಕೆಯ ಕೀಟವೂ ಕೂಡಿಕೊಂಡಿತು. ಬೆಂಗಳೂರಿನ ಜೈವಿಕ ಹತೋಟಿ ನಿರ್ದೇಶನಾಲಯದವರು, ವಿಶ್ವವಿದ್ಯಾಲಯಗಳವರು ಇವನ್ನು ಬೆಳೆಸಿ ಹಂಚುವ ಕೆಲಸ ಮಾಡಿದರು. ಡೈಫಾ ಇರುವ ಕಬ್ಬಿನೆಲೆಯ ತುಂಡುಗಳನ್ನು ಒಂದು ಹೊಲದಿಂದ ಒಯ್ದು ಇನ್ನೊಂದರಲ್ಲಿ ಸಿಕ್ಕಿಸಲಾಯಿತು. ಮೊದಮೊದಲು ಗಾಬರಿಯಿಂದ ವಿಷ ಹೊಡೆದ ಹೊಲಗಳಲ್ಲಿ ಈ ನೆಂಟರೂ ಸತ್ತರೆಂಬುದು ಬೇರೆ ಮಾತು. ಕೆಲವೇ ವರ್ಷಗಳಲ್ಲಿ ಹಾವಳಿ ಇಳಿಯಿತು.

ಈಗ ನಮ್ಮ ಗ್ಯಾಲರಿ. ಮೂರನೆಯ ರವಿವಾರ ಮನೆಯಲ್ಲಿ ಒಂದು ಸಣ್ಣ ಮಹಾಭಾರತವೇ ಆಯಿತು. ಮೇಲಿನ ಮಾಳಿಗೆಯ ಹುಡುಗನೊಬ್ಬ ಉಪಕಾರ ಮಾಡುವ ಹುರುಪಿನಲ್ಲಿ ಜಿರಲೆಗೆ ಹೊಡೆಯುವ ಡಬ್ಬಿ ತಂದು, "ಅಂಕಲ್, ಎರಡು ಸಲ ಒತ್ತಿದರೆ ಮುಗಿಯಿತು" ಎಂದ. ನಮ್ಮ ಮನೆಯವರಿಗೂ ಅದು ಸರಿಯೆನಿಸಿತು. ನಾವು ಒಪ್ಪಲಿಲ್ಲ. ಜಿರಲೆಯ ಔಷಧ ಮೋರಿಗೆ, ಮೂಲೆಗೆ ಹೊಡೆಯಲೆಂದು ಮಾಡಿದ್ದು, ತಿನ್ನುವ ಸೊಪ್ಪಿಗೆ ಅಲ್ಲ. ಅದೇ ಕುಂಡದ ಪಕ್ಕದಲ್ಲಿ ಕೊತ್ತಂಬರಿ ಇದೆ, ಅಲ್ಲಿಯೇ ಹಗ್ಗದ ಮೇಲೆ ಕೂಸಿನ ಬಟ್ಟೆ ಒಣಗುತ್ತದೆ, ಹತ್ತು ಅಡಿಯ ಗ್ಯಾಲರಿಯಲ್ಲಿ ಹುಡುಗರು ದಿನವೆಲ್ಲ ಆಡುತ್ತಾರೆ. ಹೊಲದಲ್ಲಿಯಾದರೆ ಗಾಳಿಗೆ ಹಾರಿ ಹೋದೀತು, ಇಲ್ಲಿ ಹಾರಿದರೆ ಕಾಕೂನ ಅಡಿಗೆಮನೆಗೆ. ಈ ವಿಷಯದಲ್ಲಿ ನಮಗೆ ಸಂಶಯವೇ ಇರಲಿಲ್ಲವಾದರೂ ಮನೆಯಲ್ಲಿ ಎರಡು ಹೊತ್ತು ಚಹಕ್ಕೆ ಸಕ್ಕರೆ ಕಡಿಮೆ ಬಿದ್ದಿತೆಂಬುದನ್ನು ಮುಚ್ಚಿಡುವುದಿಲ್ಲ.

ಹಾಗೆಂದು ಕೈ ಕಟ್ಟಿ ಕೂಡಲಿಲ್ಲ. ಹುಳು ಕೂಡುವ ಸ್ಥಳ ಗೊತ್ತಿದ್ದುದರಿಂದ ಕೆಲಸ ಹಗುರಾಯಿತು. ತೀರ ತುಂಬಿಹೋಗಿದ್ದ ಎರಡು ಗಿಡಗಳ ನಡುದುದಿಯನ್ನು ಚಿವುಟಿ, ಸೋಪಿನ ನೀರಿನ ಬಾಲದಿಯಲ್ಲಿ ಅದ್ದಿ ಎಸೆದೆವು. ಸಾಸಿವೆಯ ಹೊಲಗಳಲ್ಲಿ ಕೂಡ ಹೇನು ಹತ್ತಿದ ಮೊದಲಿಗೇ ಹಾಗೆ ತುದಿ ಮುರಿಯಲು ತಜ್ಞರು ಹೇಳುತ್ತಾರೆ. ಮೂರನೆಯ ವಾರ ಅದನ್ನು ಮಾಡಿದ ನಾವು ತಡಮಾಡಿದ್ದೆವು. ಮೊದಲ ವಾರ ಒಂಬತ್ತಿದ್ದಾಗಲೇ ಬೆರಳಿನಿಂದ ಒರಸಿಬಿಟ್ಟಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ. ಉಳಿದ ಗಿಡಗಳ ತುದಿಯನ್ನು ಒಂದು ಕೈಯಲ್ಲಿ ಹಿಡಿದು, ದಿನ ಬಿಟ್ಟು ದಿನ ಬೆಳಿಗ್ಗೆ ನೀರಿನ ಪಿಚಕಾರಿಯಿಂದ ಜೋರಾಗಿ ತೊಳೆದೆವು. ನೆಲಕ್ಕೆ ಬಿದ್ದ ಹೇನು ಮತ್ತೆ ಮೇಲೇರುವುದು ಅಪರೂಪ. ಸೋಪಿನ ತೆಳ್ಳನೆಯ ನೀರನ್ನು ಸಿಂಪಡಿಸಬಹುದು, ಆದರೆ ಹೇನಿನ ಮೈಗೇ ತಾಗಬೇಕು, ಬಿಸಿಲಿಗೆ ಮುಂಚೆ ಗಿಡವನ್ನು ಒಳ್ಳೆಯ ನೀರಿನಿಂದ ತೊಳೆಯಬೇಕು. ಯೂರಿಯಾದ ಪೊಟ್ಟಣ ಮಾಳಿಗೆ ಮರಳಿ ಹೋಯಿತು.

ಫೆಬ್ರವರಿಯ ಮೊದಲ ವಾರ ಅವ್ವ ಒಂದು ಎಲೆಯನ್ನು ತೋರಿಸಿ, "ಇಲ್ಲೊಂದು ಮೊಸಳಿ ಮರಿ ಬಂದೈತಿ ನೋಡು, ಇದನ್ನರs ಕೊಲ್ಲಲೇನು?" ಎಂದಳು. ಕಪ್ಪು ಮೈ, ಕಿತ್ತಳೆಯ ಚುಕ್ಕೆ, ಆರು ಕಾಲು, ಕಾಲಂಗುಲವೂ ಇಲ್ಲದ ಮೊಸಳೆ. ಕೈ ಹಿಡಿದು ತಡೆದೆವು. ಅದು ಗುಲಗಂಜಿ ಹುಳುವಿನ ಮರಿ. ಗುಲಗಂಜಿಯಂತೆ ಕೆಂಪಗೆ ಹೊಳೆಯುವ, ಬೆನ್ನ ಮೇಲೆ ಕರಿಯ ಗೆರೆ ಚುಕ್ಕೆಗಳಿರುವ ತಾಯಿಯನ್ನು ಎಲ್ಲರೂ ಮೆಚ್ಚುತ್ತಾರೆ. ಮರಿಯನ್ನು ಗುರುತಿಸದೆ ಹೊಸಕಿಹಾಕುವವರೇ ಹೆಚ್ಚು. ತಾಯಿ, ಮರಿ ಎರಡಕ್ಕೂ ಹೇನೇ ಆಹಾರ. ಒಂದೊಂದು ಮರಿ ಬೆಳೆದು ದೊಡ್ಡದಾಗುವುದರೊಳಗೆ ನೂರಾರು ಹೇನುಗಳನ್ನು ಮುಗಿಸುತ್ತದೆ. ಕೆಲವು ದಿನಗಳಲ್ಲಿ ತುದಿಯಲ್ಲಿ ಉಬ್ಬಿ ಕಂದು ಬಣ್ಣಕ್ಕೆ ತಿರುಗಿದ, ಅಲುಗದ ಹೇನುಗಳೂ ಕಂಡವು. ಕೆಲವುಗಳ ಬೆನ್ನಿನಲ್ಲಿ ಸೂಜಿಯಿಂದ ಕೊರೆದಂಥ ದುಂಡು ಕಿಂಡಿ. ಮೇಲೆ ಹೇಳಿದ ಕಣಜ ಒಳಗೆ ಬೆಳೆದು ಹೊರಬಿದ್ದ ಬಾಗಿಲು ಅದು. ಇಂಥ ಹೇನು ಕಂಡರೆ ಕೀಳಬಾರದು, ಒಳಗೆ ಇನ್ನೂ ಕಣಜದ ಮರಿ ಇದ್ದೀತು. ಯಾವ ರೈಲು ಹತ್ತಿ ಇವೆಲ್ಲ ಮುಲುಂಡಿಗೆ ಬಂದವೋ! ಹಳಿಗಳ ಪಕ್ಕದ ಮೂಲಂಗಿಯ ಪಾತಿಗಳಿಂದಲೇ ಬಂದಿರಬೇಕೆಂದು ನಮ್ಮ ಊಹೆ.

ತಿಂಗಳ ಕೊನೆಗೆ ಸೆಕೆ ಆರಂಭವಾಯಿತು. ಅಷ್ಟರಲ್ಲಿ ಹೇನು ಹೇಳಹೆಸರಿಲ್ಲದಂತಾಗಿತ್ತು. ಕಾಕೂ ಒಂದು ದಿನ, "ಕಾಯ್ ಆಜೀ, ಮಾವಾ ಗೇಲಾ ಕಾ?" ಎಂದು ಕೇಳಿದಾಗ ಅವ್ವ ಗುಲಗಂಜಿ ಹುಳುವಿನ ಕಡೆ ಕೈ ಮಾಡಿ, "ಮಾವ ಹೋದಾ, ಅಳಿಯ ಬಂದಾನ" ಎಂದಳು. ಅದನ್ನು ಕಾಕೂಗೆ ಮರಾಠಿಯಲ್ಲಿ ಬಿಡಿಸಿ ಹೇಳುವುದರೊಳಗೆ ನಮಗೆ ಆಫೀಸಿನ ಗಾಡಿ ತಪ್ಪಿತು.

ನಡುದುದಿ ಚಿವುಟಿದ ಎರಡು ಗಿಡಗಳು ಪಕ್ಕದ ರೆಂಬೆಗಳಲ್ಲಿ ಕಾಯಿ ಬಿಟ್ಟವು. ಹೇನು ಹೆಚ್ಚು ಹೀರಿದ್ದ ಇನ್ನೊಂದು ಗಿಡದ ಮೇಲಿನ ಕಾಯಿಗಳು ಸೊಟ್ಟಗಾಗಿ ಒಳಗೆ ಜೊಳ್ಳಾಗಿದ್ದವು. ಮಾರ್ಚಿಯಲ್ಲಿ ಕಿತ್ತು, ಒಣಗಿಸಿ, ಅವ್ವ ಮೊರದಲ್ಲಿ ಕೇರಿದಾಗ ಆರು ಗಿಡಗಳಿಂದ ಬಂದದ್ದು ಮೂರು ಚಮಚೆ ಸಾಸಿವೆ. ಒಂದು ಚಮಚೆಯನ್ನು ಮುಂದಿನ ಅಕ್ಟೋಬರಕ್ಕೆಂದು ಕಟ್ಟಿಟ್ಟಿದ್ದೇವೆ. ಉಳಿದದ್ದು ಯುಗಾದಿಯ ದಿನ ಕೋಸಂಬರಿಯ ಒಗ್ಗರಣೆಗೆ ಬಿದ್ದಿತು. ಕಾಕೂ ಮನೆಗೂ ಒಂದು ಬಟ್ಟಲು ಹೋಯಿತು.